ದಾರಿಯಾಳಿನ ಹೆಂಡತಿ

ನನ್ನ ಅತ್ತಿಗೆ ಉರಾಕಿ ಕೆಟ್ಟ ಹೆಂಗಸು ಎಂದು ಈಚೆಗೆ ಊರಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿಗೆ ಹೊಳೆಯ ಕೆಸರು ತುಂಬಬೇಕು. ಅವಳನ್ನು ಬೈಯುವ ಹಕ್ಕು ಈ ಊರಿನಲ್ಲಿ ಒಬ್ಬಳಿಗೇ ಇರುವುದು, ಅದು ನನಗೆ. ನಾನು ಅವಳ ಗಂಡನ ತಂಗಿ ಯಕುಮೆ. ಮೂವತ್ತು ಮಳೆಗಾಲ ಅವಳ ಜೊತೆ ಜಗಳವಾಡಿದ್ದೇನೆ. ಬೇರೆಯವರು ಅವಳ ಬಗ್ಗೆ ಒಂದು ಮಾತು ಆಡಬೇಕಾದರೆ ಮೊದಲು ಅಷ್ಟು ಜಗಳ ಆಡಿ ಬರಲಿ.

ನಮ್ಮಿಬ್ಬರದು ಮೊದಲ ದಿನದಿಂದಲೂ ಎಣ್ಣೆ-ಸೀಗೆಕಾಯಿ ಸಂಬಂಧ. ಅವಳು ಮೇಲಿನ ದ್ವೀಪದ ಊರಿನಿಂದ ನನ್ನ ಅಣ್ಣ ತಾಪಿಯನ ಕೈಹಿಡಿದು ಬಂದಳು. ಬಂದವಳು ದೋಣಿಯಿಂದ ಇಳಿಯುವ ಮೊದಲೇ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು, ಎಲ್ಲರೂ ನೋಡಲಿ ಎಂದು. ನೋಡುವ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಎಳೆಗೂಸಾಗಿದ್ದಾಗ ನಮ್ಮ ಜನರ ಪದ್ಧತಿಯಂತೆ ಅವಳ ಅಮ್ಮ ಹಣೆಗೆ ಹಲಗೆ ಕಟ್ಟಿ ಒತ್ತಿದ್ದು ಅಷ್ಟು ಚೊಕ್ಕವಾಗಿತ್ತು. ಹುಬ್ಬಿನಿಂದ ನೆತ್ತಿಯವರೆಗೆ ಒಂದೇ ಸಮ, ದೋಣಿಯ ಹುಟ್ಟಿನ ಅಲಗಿನ ಹಾಗೆ ಚಪ್ಪಟೆ. ನನ್ನ ಅಮ್ಮ ಸೋಮಾರಿ. ನನ್ನ ಹಣೆ ಒಂದು ಕಡೆ ಉಬ್ಬಿದೆ. ಉರಾಕಿ ನನ್ನನ್ನು ನೋಡಿದವಳೇ, "ಅಯ್ಯೋ, ನಿನ್ನ ಹಲಗೆ ಮಧ್ಯದಲ್ಲಿ ಬಿಚ್ಚಿಹೋಗಿತ್ತೇನೇ?" ಎಂದಳು. ಅಲ್ಲಿಗೆ ಆಯಿತು.

ಅವಳಿಗೆ ಜೀವವೆಂದರೆ ಆಮೆಯ ಕೆಲಸ. ಹೊಳೆ ಇಳಿದು ಮರಳುದಿಬ್ಬಗಳು ಮೇಲೆದ್ದಾಗ ಆಮೆಗಳು ಮೊಟ್ಟೆಯಿಡಲು ಹತ್ತಿ ಬರುತ್ತವೆ. ಊರವರೆಲ್ಲ ಓಡಿಹೋಗಿ ಅವನ್ನು ಅಂಗಾತ ಮಗುಚುತ್ತೇವೆ. ಆಮೇಲಿನದು ಉರಾಕಿಯ ಪಾಲು. ಚಿಪ್ಪಿನ ಅಂಚಿಗೆ ಮೂಳೆಯ ದಬ್ಬಳದಿಂದ ತೂತು ಕೊರೆದು, ಬಳ್ಳಿ ಪೋಣಿಸಿ, ಹತ್ತು ಹನ್ನೆರಡನ್ನು ಸಾಲಾಗಿ ದೋಣಿಯ ಹಿಂದೆ ಕಟ್ಟಿ ಈಜಿಸಿಕೊಂಡು ಊರಿಗೆ ತರುತ್ತಿದ್ದಳು. ತೂತು ಒಂದು ಬೆರಳು ಒಳಗೆ ಹೋದರೆ ಆಮೆ ಸಾಯುತ್ತದೆ, ಒಂದು ಬೆರಳು ಹೊರಗೆ ಬಂದರೆ ಅಂಚು ಮುರಿದು ಓಡಿಹೋಗುತ್ತದೆ. ಅವಳ ಕೈಯಲ್ಲಿ ಒಂದೂ ಸಾಯಲಿಲ್ಲ, ಒಂದೂ ಓಡಲಿಲ್ಲ. ಮನೆಯ ಪಕ್ಕದ ಮಡುವಿಗೆ ಸುತ್ತ ಗೂಟ ಬಡಿದು ಮಾಡಿದ ಆಮೆದೊಡ್ಡಿಯಲ್ಲಿ ನೂರಾರು ಆಮೆಗಳು ಅವಳ ಹೆಜ್ಜೆ ಕೇಳಿದರೆ ತಲೆ ಎತ್ತುತ್ತಿದ್ದವು.

ಆ ದೊಡ್ಡಿಯಿಂದಲೇ ಊರು ಬದುಕಿತ್ತು. ಹೊಳೆ ಏರಿತೆಂದರೆ ಮೀನೆಲ್ಲ ಮುಳುಗಿದ ಕಾಡಿನೊಳಗೆ ಚದುರಿಹೋಗುತ್ತದೆ, ಹೊಲ ನೀರಡಿಗೆ ಹೋಗುತ್ತದೆ. ನಾಲ್ಕು ತಿಂಗಳು ನಾವು ತಿನ್ನುವುದು ಗುಂಡಿಯಲ್ಲಿ ಹೂತಿಟ್ಟ ಮರಗೆಣಸು, ದೊಡ್ಡಿಯ ಆಮೆ, ಇವೆರಡೇ. ಹಾಗಾಗಿ ನೀರು ಕಂಬಗಳ ಮೇಲೆ ಕಟ್ಟಿದ ಮನೆಯ ಏಣಿಯ ಮೂರನೆಯ ಮೆಟ್ಟಿಲಿಗೆ ಬರುವ ತನಕ ಅವಳು ದೊಡ್ಡಿಯ ಬಾಗಿಲು ತೆಗೆಯುತ್ತಿರಲಿಲ್ಲ. ನಾನು ನನ್ನ ಮಗ ವನಿರುವನ್ನು ಹೆತ್ತಾಗ ಬಾಣಂತಿಗೆಂದು ಒಂದು ಆಮೆ ಕಳಿಸಿದಳು, ಅಂಗೈಯಗಲದ್ದು. "ನೀನೂ ಸಣ್ಣಗಿದ್ದೀಯಲ್ಲ, ಸಾಕಾಗುತ್ತೆ" ಎಂದು ಬೇರೆ ಹೇಳಿ ಕಳಿಸಿದ್ದಳು. ಒಂದು ತಿಂಗಳು ಮಾತು ಬಿಟ್ಟಿದ್ದೆ.

ನನ್ನ ಅಣ್ಣ ತಾಪಿಯನಿಗೆ ಒಲ್ಲೆ ಎನ್ನಲು ಬಾಯಿಯೇ ಇಲ್ಲ. ಹೊಳೆಯ ಒಂದೊಂದು ಸುಳಿಯೂ ಗೊತ್ತಿದ್ದ ದೋಣಿಯವನು, ಯಾರು ಕರೆದರೂ ಹುಟ್ಟು ಹೆಗಲಿಗೇರಿಸಿ ಹೊರಡುತ್ತಿದ್ದ. ಅವನು ಹೊರಗೆ ಎಲ್ಲರಿಗೂ ಹೂಂ ಎನ್ನುವುದು, ಅವಳು ಒಳಗಿನಿಂದ ಊಹೂಂ ಎನ್ನುವುದು, ಸಂಸಾರ ಹಾಗೆ ನಡೆಯುತ್ತಿತ್ತು. ಮಕ್ಕಳಾಗಲಿಲ್ಲ. ಅದಕ್ಕಾಗಿ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಆದರೆ ನನ್ನ ಮಗುವಿನ ಹಣೆಗೆ ಹಲಗೆ ಕಟ್ಟುವುದನ್ನು ನನಗೆ ಬಿಡದೆ ತಾನೇ ಬಂದು ಕಟ್ಟಿದಳು. "ನಿಮ್ಮನೆಯವರ ಕೈ ನಂಗೊತ್ತಿಲ್ವಾ, ಸರಿ ಆಚೆ" ಎಂದಳು.

ವನಿರು ಇನ್ನೂ ಎದೆಹಾಲು ಕುಡಿಯುತ್ತಿದ್ದ ಆ ವರ್ಷವೇ ಗಡ್ಡದವರು ಬಂದದ್ದು.

ಎರಡು ದೊಡ್ಡ ದೋಣಿಗಳು. ಹಲಗೆಗೆ ಹಲಗೆಯನ್ನು ಬಳ್ಳಿಯಿಂದ ಬಿಗಿಯದೆ ಎಂಥದೋ ಕಪ್ಪು ಮುಳ್ಳು ಬಡಿದು ಜೋಡಿಸಿದ್ದರು. ಒಳಗೆ ಐವತ್ತು ಅರವತ್ತು ಗಂಡಸರು, ಮೈಯೆಲ್ಲ ಹುಣ್ಣು, ಮುಖದ ತುಂಬ ಕೂದಲು. ಹಸಿವೆಂದರೆ ಎಂಥ ಹಸಿವು! ಕಡವಿನಲ್ಲಿ ನಾವು ಎಸೆದಿದ್ದ ಮೀನಿನ ತಲೆಗಳನ್ನು ಹೆಕ್ಕಿ ಹಸಿಯಾಗಿಯೇ ಚೀಪಿದರು. ಸೊಂಟದ ತೊಗಲಪಟ್ಟಿ ಬೇಯಿಸಿ ತಿಂದುಕೊಂಡು ಬಂದಿದ್ದರಂತೆ. ಹಾಗೆಂದು ಹೇಳಿದವನು ಅವರ ಜೊತೆಗಿದ್ದ ದುಭಾಷಿ. ಎಷ್ಟೋ ಮೇಲಿನ ಸೀಮೆಯ ಮನುಷ್ಯ, ನಮ್ಮ ಮಾತು ಅರ್ಧಂಬರ್ಧ ಬರುತ್ತಿತ್ತು.

"ನೋಡೇ, ಪಾಪ," ಎಂದಳು ಉರಾಕಿ ನನ್ನ ಕಿವಿಯಲ್ಲಿ. "ಇವರಿಗೆ ಯಾರೂ ಹಲಗೆ ಕಟ್ಟಿಲ್ಲ. ತಲೆ ಎಲ್ಲಾ ಕಾಯಿ ಥರ ಉರುಟುರುಟು."

"ಮಂಗನ ತಲೇನೂ ಹಂಗೇ ಇರುತ್ತೆ."

"ಅದನ್ನೇ ನಾನೂ ಅಂದಿದ್ದು. ಅಮ್ಮ ಅನ್ನೋಳು ಇದ್ದಿದ್ರೆ ಹಿಂಗೆ ಬಿಡ್ತಿದ್ಲಾ? ಹೆತ್ತು ಬಿಸಾಕಿರ್ಬೇಕು, ತಬ್ಬಲಿಗಳು."

ದುಭಾಷಿಯ ಕುತ್ತಿಗೆಯ ಸುತ್ತ ಎರಡು ಬೆರಳಗಲ ಚರ್ಮ ಸುಲಿದು ಗಡುಸಾಗಿತ್ತು. ಎಲ್ಲರೂ ನೋಡಿದೆವು. ನಾವು ಹಣೆ ಒತ್ತಿ ಬೆಳೆಸುವ ಜನ. ಅವನ ಸೀಮೆಯಲ್ಲಿ ಕುತ್ತಿಗೆಗೆ ಏನಾದರೂ ಸುತ್ತಿ ಬೆಳೆಸುತ್ತಾರೆ, ಅದು ಅವರ ಚೆಂದ ಎಂದುಕೊಂಡೆವು. "ನಿಮ್ಮಮ್ಮ ಒಳ್ಳೆ ಅಚ್ಚುಕಟ್ಟಾಗಿ ಸುತ್ತಿದ್ದಾಳಪ್ಪ" ಎಂದು ಉರಾಕಿ ಅವನನ್ನು ಹೊಗಳಿದಳು ಸಹ. ಅವನು ಅವಳ ಮುಖ ನೋಡಿದ. ಈಗ ಅದನ್ನು ನೆನೆದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಹಗ್ಗದ ಗಾಯ ಅದು. ಕಣ್ಣೆದುರಿಗೇ ಇತ್ತು, ನಮಗೆ ಕಾಣಲಿಲ್ಲ.

ಊರ ಯಜಮಾನ ಕುರಾತು ನಮಗೆ ದೊಡ್ಡಪ್ಪನಾಗಬೇಕು. "ಹೊಟ್ಟೆ ತುಂಬ ಹಾಕಿ, ಉಂಡವರು ತಾವಾಗೇ ಹೋಗ್ತಾರೆ" ಎಂದ. ಮೊದಲ ದಿನ ಉರಾಕಿ ತಾನೇ ಹೋಗಿ ದೊಡ್ಡಿಯ ಬಾಗಿಲು ತೆಗೆದಳು. ನೀರು ಇನ್ನೂ ಮೊದಲನೆಯ ಮೆಟ್ಟಿಲನ್ನೂ ಮುಟ್ಟಿರಲಿಲ್ಲ. ತಬ್ಬಲಿಗಳ ಮೇಲಿನ ಕನಿಕರ ಅದು. ನನ್ನ ಬಾಣಂತನದಲ್ಲಿ ಬಾರದ ಕನಿಕರ!

ಮೂರು ದಿನ ಎಂದವರು ಹನ್ನೆರಡು ದಿನ ನಿಂತರು. ದಿನಕ್ಕೆ ಇಪ್ಪತ್ತು ಆಮೆ. ತಿಂದದ್ದು ಹೋಗಲಿ, ಆಮೆಯ ಕೊಬ್ಬನ್ನು ಕಾಸಿ ತಮ್ಮ ದೋಣಿಯ ಸಂದುಗಳಿಗೆ ಬಳಿದರು. ಅದನ್ನು ನೋಡಿದ್ದೇ ಉರಾಕಿ ದೊಡ್ಡಿಗೆ ಓಡಿದಳು. ಬಾಗಿಲಿಗೆ ಅಡ್ಡ ನಿಂತಳು. ಅವರಲ್ಲೊಬ್ಬ ಬೆಂಕಿ ಉಗುಳುವ ಕೊಳವೆಯನ್ನು ಎತ್ತಿ ಅವಳ ಕಾಲ ಬಳಿಯಿದ್ದ ಆಮೆಗೆ ಹೊಡೆದ. ಚಿಪ್ಪು ಎರಡು ಹೋಳಾಯಿತು. ಅವಳು ಬದಿಗೆ ಸರಿದಳು.

ಆವತ್ತೇ ದೊಡ್ಡಪ್ಪನ ಹತ್ತಿರ ಹೋದಳು. ಮಗುವನ್ನು ಎತ್ತಿಕೊಂಡು ನಾನೂ ಹಿಂದೆಯೇ ಹೋದೆ.

"ದೊಡ್ಡಪ್ಪ, ದೊಡ್ಡಿ ಖಾಲಿ ಆಗ್ತಾ ಬಂತು. ನೀರು ಮೊದಲ್ನೇ ಮೆಟ್ಟಿಲು ಮುಟ್ಟಿದೆ. ಇನ್ನು ನಾಲ್ಕು ತಿಂಗಳು ಮಕ್ಕಳಿಗೆ ಏನ್ ಬೇಯ್ಸಿ ಹಾಕ್ಲಿ, ಇವರ ಗಡ್ಡಾನಾ?"

"ಬಂದ ನೆಂಟರನ್ನ ಎದ್ದು ಹೋಗಿ ಅನ್ನೋಕಾಗುತ್ತೇನಮ್ಮಾ?"

"ನೀವು ಅನ್ನೋದು ಬೇಡ. ದಾರಿಯಾಳನ್ನ ಕೂರ್ಸಿ."

ಇದು ನಮ್ಮ ಹೊಳೆಯ ನಡವಳಿಕೆ. ನೆಂಟರನ್ನು ಹೋಗಿ ಎಂದು ಬಾಯಿಬಿಟ್ಟು ಹೇಳಬಾರದು. ಅವರ ದೋಣಿಯ ಮುಂತುದಿಯಲ್ಲಿ ನಮ್ಮವನೊಬ್ಬ ಹೋಗಿ ಕೂತರೆ ಸಾಕು, ಅವರು ಮೂಟೆ ಕಟ್ಟುತ್ತಾರೆ. ಅವನೇ ದಾರಿಯಾಳು. ಕೆಳಗಿನ ಊರಿನ ಕಡವಿನ ತನಕ ದಾರಿ ತೋರಿಸಿ, "ಇವರು ನಮ್ಮಲ್ಲಿ ಉಂಡಿದ್ದಾರೆ, ಇನ್ನು ನಿಮ್ಮ ನೆಂಟರು" ಎಂದು ಒಪ್ಪಿಸಿ ಇಳಿದು ಬರುತ್ತಾನೆ. ಆ ಊರಿನವರು ಅಲ್ಲಿಂದ ಮುಂದಕ್ಕೆ ತಮ್ಮವನೊಬ್ಬನನ್ನು ಕೂರಿಸುತ್ತಾರೆ. ದಾರಿಯಾಳನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಹಗೆಗಳೂ ಮುಟ್ಟುವುದಿಲ್ಲ. ಲೋಕದಲ್ಲಿ ಇದು ಗೊತ್ತಿಲ್ಲದವರು ಇರಬಹುದೆಂದು ನಮಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ. "ಹೆಚ್ಚು ಉಂಡಿದ್ದು ನಿನ್ನ ದೊಡ್ಡೀದು. ಉಣಿಸಿದ ಮನೆಯವನೇ ದಾರಿಯಾಳು. ತಾಪಿಯನೇ ಹೋಗ್ಬೇಕಾಗುತ್ತೆ."

"ಹೋಗ್ಲಿ. ನಾಳೇನೇ ಹೋಗ್ಲಿ."

ಅಣ್ಣ ಅಂಗಳದಲ್ಲಿ ಕೂತು ಮೀನಿನ ಬುಟ್ಟಿ ಹೆಣೆಯುತ್ತಿದ್ದ. ವಿಷಯ ಕೇಳಿ ಕೈ ನಿಲ್ಲಿಸಿದ. "ಯಾಕೋ ಅವರ ದೋಣಿ ಹತ್ತೋಕೆ ನಂಗೆ ಮನಸ್ಸಿಲ್ಲ ಕಣೇ," ಎಂದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಊರಿಗೆಲ್ಲಾ ಹೂಂ ಅಂತೀಯ, ನಾನು ಹೇಳಿದ್ರೆ ಮಾತ್ರ ಊಹೂಂ! ಹೋಗೋಕೆ ಅರ್ಧ ದಿನ, ಬರೋಕೆ ಎರಡು ದಿನ. ಅಷ್ಟಕ್ಕೆ ಸವೆದು ಹೋಗ್ತೀಯಾ?"

ಅವನು ನನ್ನ ಕಡೆ ನೋಡಿದ. ನಾನಾದರೂ ಏನಾದರೂ ಹೇಳಬಹುದಿತ್ತು. ಆದರೆ ನೀರಿನ ಭಯ ನನಗೂ ಇತ್ತು, ಮಡಿಲಲ್ಲಿ ಮಗು ಇತ್ತು. "ಹೋಗಿ ಬಾರೋ ಅಣ್ಣ, ಪೀಡೆ ತೊಲಗಲಿ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮಾತನ್ನು ಊರೆಲ್ಲ ನೆನಪಿಟ್ಟುಕೊಂಡಿದೆ. ನನ್ನದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ, ಈಗ ನಾನೇ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಹೊರಟರು. ಗಡ್ಡದವರು ಹಲ್ಲುಬಿಟ್ಟು ಅಣ್ಣನ ಬೆನ್ನು ತಟ್ಟಿದರು. ದೊಡ್ಡ ದೋಣಿಯ ಹಿಂದೆ ಅವನ ಪುಟ್ಟ ದೋಣಿ ಕಟ್ಟಿತ್ತು, ಹಿಂತಿರುಗಿ ಬರಲು. ಬುತ್ತಿಗೆ ಒಂದೇ ಒಂದು ಸುಟ್ಟ ಮೀನು ಒಯ್ದಿದ್ದ.

ಮೂರನೆಯ ದಿನ ಬರಬೇಕಿತ್ತು, ಬರಲಿಲ್ಲ. ನಾಲ್ಕನೆಯ ದಿನ ಬೆಳಗಾಗುತ್ತಲೇ ಉರಾಕಿ ದೋಣಿಯನ್ನು ನೀರಿಗೆ ತಳ್ಳಿದಳು. ಜೊತೆಗೆ ಗಂಡಸರನ್ನು ಕೊಡಿ ಎಂದು ಕೇಳಿದರೆ ದೊಡ್ಡಪ್ಪ ತಲೆಯಾಡಿಸಿದ. "ಹೊಳೆ ಏರ್ತಿದೆ. ಹೋದವರನ್ನೂ ಹಿಡ್ಕೊಂಡ್ರೆ ಊರಲ್ಲಿ ಯಾರು ಉಳೀತಾರೆ?" ಮುದುಕನಿಗೆ ಹೆದರಿಕೆ. ಹೆದರಿದ್ದು ಸರಿಯೇ, ಆದರೂ ನಾನು ಅವನನ್ನು ಕ್ಷಮಿಸಿಲ್ಲ. ಮಗುವನ್ನು ಅಮ್ಮನ ಕೈಗೆ ಹಾಕಿ ನಾನೇ ದೋಣಿ ಹತ್ತಿದೆ. ಉರಾಕಿ ದೊಡ್ಡಿಯಲ್ಲಿ ಉಳಿದಿದ್ದ ಆಮೆಗಳಲ್ಲಿ ಆರು ದೊಡ್ಡವನ್ನು ಆರಿಸಿ ಬಳ್ಳಿ ಪೋಣಿಸಿ ಹಿಂದೆ ಕಟ್ಟಿದಳು.

"ಇದ್ಯಾಕೆ? ಭಾರ ಆಗುತ್ತೆ."

"ಅವರಿಗೆ ಬೇಕಾಗಿರೋದು ಇದೇ ತಾನೇ? ಇದನ್ನ ಕೊಟ್ಟು ಅವನನ್ನ ಬಿಡಿಸ್ಕೊಂಡು ಬರೋಣ."

ಕೆಳಗಿನ ಊರಿನ ಕಡವಿನಲ್ಲಿ ಜನ ಇರಲಿಲ್ಲ. ಎರಡು ಮನೆ ಸುಟ್ಟು ಕರಕಲಾಗಿದ್ದವು. ಕಾಲು ಬಾರದ ಒಬ್ಬ ಮುದುಕ ಮಾತ್ರ ಜಗಲಿಯ ಮೇಲಿದ್ದ. ದಡದ ಆಪಿನ ಜೊಂಡುಹುಲ್ಲಿನ ನಡುವೆ ನನ್ನ ಅಣ್ಣನ ಪುಟ್ಟ ದೋಣಿ ಸಿಕ್ಕಿಕೊಂಡು ನಿಂತಿತ್ತು. ಅದರ ಹಗ್ಗವನ್ನು ಒಂದೇ ಏಟಿಗೆ ಕಡಿದಿದ್ದರು.

"ನಿಮ್ಮವನು ಎದ್ದು ನಿಂತು ಕಡವು ತೋರ್ಸಿದ ತಾಯಿ," ಎಂದ ಮುದುಕ. "ಒಪ್ಪಿಸೋ ಮಾತೂ ಆಡಿದ. ಇಳಿಯೋಕೆ ಕಾಲು ಆಚೆ ಇಟ್ಟ, ಯಾರೋ ಹಿಂದಿನಿಂದ ಎಳ್ಕೊಂಡ್ರು. ದಾರಿಯಾಳನ್ನ ಮುಟ್ಟಿದ್ರಲ್ಲ ಅಂತ ನಮ್ಮ ಹುಡುಗ್ರು ಬಾಣ ಬಿಟ್ರು. ಆಮೇಲೆ ಊರು ಹಿಂಗಾಯ್ತು."

ಉರಾಕಿ ಹುಟ್ಟು ಹಾಕತೊಡಗಿದಳು. ಎರಡು ದಿನ ಹಗಲೆಲ್ಲ ಹುಟ್ಟು ಹಾಕಿದೆವು. ಗಡ್ಡದವರು ಊರೂರಿನಲ್ಲಿ ಇಳಿದು ದೋಚುತ್ತ ಹೋಗುತ್ತಿದ್ದರಿಂದ ನಮಗೆ ಸಿಕ್ಕಿದರು. ಮರಳುದಿಬ್ಬವೊಂದರ ಬದಿಯಲ್ಲಿ ದೋಣಿ ಎಳೆದು ನಿಲ್ಲಿಸಿ ಒಲೆ ಹೂಡಿದ್ದರು. ಅಣ್ಣ ದೋಣಿಯೊಳಗೇ ಕೂತಿದ್ದ. ಕುತ್ತಿಗೆಗೆ ಹಗ್ಗ ಹಾಕಿ ಅದರ ಇನ್ನೊಂದು ತುದಿಯನ್ನು ದೋಣಿಯ ಅಡ್ಡಮರಕ್ಕೆ ಕಟ್ಟಿದ್ದರು. ಆಗ ನಾವಿಬ್ಬರೂ ದುಭಾಷಿಯ ಕುತ್ತಿಗೆಯ ಕಡೆ ನೋಡಿದೆವು. ಆಗ ತಿಳಿಯಿತು.

ಉರಾಕಿ ಆಮೆಗಳನ್ನು ಒಂದೊಂದಾಗಿ ಮರಳಿನ ಮೇಲೆ ಎಳೆದು ಹಾಕಿದಳು. ಗಂಡನನ್ನು ತೋರಿಸಿದಳು, ಆಮೆಗಳನ್ನು ತೋರಿಸಿದಳು, ಕೈಮುಗಿದಳು. ಗಡ್ಡದವರಿಗೆ ಖುಷಿಯೋ ಖುಷಿ. ಒಬ್ಬ ಅವಳ ಕೊರಳಿಗೆ ಬಣ್ಣದ ಮಣಿಯ ಸರ ಹಾಕಿದ. ಇನ್ನೊಬ್ಬ ಆಗಲೇ ಆಮೆಯ ಕತ್ತು ಕೊಯ್ಯುತ್ತಿದ್ದ.

"ಏನಂತಾರೆ? ಬಿಡ್ತಾರಂತಾ?" ಎಂದು ದುಭಾಷಿಯನ್ನು ಕೇಳಿದಳು.

"ನೀನು ಒಳ್ಳೆಯವಳಂತೆ. ಇನ್ನೂ ಇದ್ರೆ ತರ್ಬೇಕಂತೆ."

"ನನ್ನ ಗಂಡನ ವಿಷ್ಯ ಕೇಳಪ್ಪ, ದಮ್ಮಯ್ಯ."

"ಕೇಳಲ್ಲ ತಾಯಿ. ಕೇಳಿದ್ರೆ ನೀವು ಹೆಂಗಸ್ರು ಅವನಿಗೋಸ್ಕರ ಏನು ಬೇಕಾದ್ರೂ ಕೊಡ್ತೀರಿ ಅಂತ ಗೊತ್ತಾಗಿಬಿಡುತ್ತೆ. ಆಮೇಲೆ ನಿಮ್ಮನ್ನೂ ಬಿಡಲ್ಲ."

"ಮುಂದಿನ ಊರಲ್ಲಾದ್ರೂ ಇಳಿಸ್ತಾರೆ ತಾನೇ? ದಾರಿಯಾಳಲ್ವಾ ಅವನು?"

ದುಭಾಷಿ ಕುತ್ತಿಗೆ ಸವರಿಕೊಂಡ. "ನಂಗೂ ಮುಂದಿನ ಊರಲ್ಲೇ ಇಳಿಸ್ತೀವಿ ಅಂದಿದ್ರು. ಆಗ ನನ್ನ ಮಗಳಿಗೆ ಹಲ್ಲು ಬರ್ತಿತ್ತು. ಈಗ ಮಾತಾಡ್ತಿರ್ಬೇಕು."

ಅಣ್ಣನ ಹತ್ತಿರ ಹೋಗಲು ಬಿಡಲಿಲ್ಲ. ಹತ್ತು ಮಾರು ದೂರದಿಂದ ಮಾತಾಡಬೇಕಾಯಿತು. ಅವನು ಮೊದಲು ಕೇಳಿದ್ದು ನನ್ನನ್ನು: "ಮಗೂನ ಎಲ್ಲಿ ಬಿಟ್ಟು ಬಂದ್ಯೇ ಹುಚ್ಚಿ?"

"ಅಮ್ಮನ ಹತ್ರ ಇದೆ. ನಿನ್ನ ಕೊರಳಿಗೆ ಅದೇನೋ?"

"ಇದಾ? ಎಲ್ಲಾದ್ರೂ ನೀರಿಗೆ ಬಿದ್ದು ಮುಳುಗಿಹೋಗ್ತೀನೋ ಅಂತ ಭಯ ಇವರಿಗೆ," ಎಂದು ನಕ್ಕ. ನಮ್ಮ ಹೊಳೆಯಲ್ಲಿ ಅವನಂಥ ಈಜುಗಾರ ಇರಲಿಲ್ಲ.

ಉರಾಕಿ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಕೊನೆಗೆ, "ಊಟ ಹಾಕ್ತಾರಾ?" ಎಂದಳು.

"ಹಾಕ್ತಾರೆ. ನಿನ್ನ ಆಮೇನೇ. ಅಳ್ಬೇಡ್ವೇ. ನೀನು ಬೈದ್ರೆ ನಂಗೆ ಧೈರ್ಯ, ಒಂದು ಸಲ ಬೈದುಬಿಡು."

ಅವಳಿಗೆ ಬೈಯಲು ಆಗಲಿಲ್ಲ.

ಮರುದಿನ ಅವರು ಹೊರಟಾಗ ನಾವೂ ಹಿಂದೆ ಬಿದ್ದೆವು. ಹೊಳೆ ದಡ ಮೀರುತ್ತಿತ್ತು, ಬುಡಸಮೇತ ಕಿತ್ತ ಮರಗಳು ತೇಲಿ ಬರುತ್ತಿದ್ದವು. ಅವರ ದೋಣಿಗೆ ಮೂವತ್ತು ಹುಟ್ಟು, ನಮ್ಮದಕ್ಕೆ ಎರಡು. ಮಧ್ಯಾಹ್ನದ ಹೊತ್ತಿಗೆ ಅಣ್ಣನ ತಲೆ ಕಾಣುವುದೂ ನಿಂತಿತು. ನನ್ನ ಎದೆ ಹಾಲು ಕಟ್ಟಿಕೊಂಡು ಕಲ್ಲಾಗಿತ್ತು, ಹುಟ್ಟು ಎತ್ತಿದರೆ ಜೀವ ಹೋಗುವಂಥ ನೋವು.

"ಇನ್ನೊಂದು ತಿರುವು," ಎಂದಳು ಉರಾಕಿ.

"ಆ ತಿರುವಾದ್ಮೇಲೆ?"

"ಇನ್ನೊಂದು."

ನಾನು ಹಿಂದೆ ಕೂತಿದ್ದೆ, ದೋಣಿಯ ದಿಕ್ಕು ನನ್ನ ಕೈಯಲ್ಲಿತ್ತು. ತಿರುಗಿಸಿಬಿಟ್ಟೆ. ಅವನು ನನ್ನ ಒಡಹುಟ್ಟಿದವನು, ಆದರೂ ತಿರುಗಿಸಿದೆ. ಅವಳು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ನೋಡುತ್ತ ಕೂತಳು. ದಡ ಹಿಡಿದು ಏರಿಬರಲು ಹದಿಮೂರು ದಿನ ಹಿಡಿಯಿತು. ಮನೆ ಮುಟ್ಟುವಾಗ ನನ್ನ ಹಾಲು ಬತ್ತಿತ್ತು. ವನಿರು ಪಕ್ಕದ ಮನೆಯವಳ ಎದೆಗೆ ಅಂಟಿಕೊಂಡಿದ್ದ.

ಆ ವರ್ಷದ ನೆರೆಯಲ್ಲಿ ಉರಾಕಿ ಉಳಿದ ಆಮೆಗಳನ್ನು ಮನೆಮನೆಗೆ ಹಂಚಿದಳು, ಎಂದಿನ ಹಾಗೇ ಅಳೆದು ತೂಗಿ. ಎರಡು ಎಳೆಗೂಸುಗಳು ಹೋದವು, ಉಳಿದವರು ಬದುಕಿದೆವು. "ತಾಪಿಯ ಹೋಗಿದ್ದಕ್ಕೆ ಊರು ಉಳೀತು" ಎಂದು ದೊಡ್ಡಪ್ಪ ಹತ್ತು ಜನರೆದುರು ಹೊಗಳಿದ. ಉಂಡೂ ಹೋದರು, ಕೊಂಡೂ ಹೋದರು, ಇವನದು ಹೊಗಳಿಕೆ. ಉರಾಕಿ ಅವನ ಪಾಲಿನ ಆಮೆಯನ್ನು ಅವನ ಕಾಲ ಮೇಲೆ ಹಾಕಿ ಬಂದಳು.

ಆಮೇಲೆ ಅವಳು ಕೆಳಗಿನಿಂದ ಏರಿಬಂದ ಪ್ರತಿಯೊಂದು ದೋಣಿಯನ್ನೂ ಕಡವಿನಲ್ಲಿ ನಿಲ್ಲಿಸಿ ಕೇಳಲು ಶುರುಮಾಡಿದಳು. ಒಂದು ಸಲ ಮಡಕೆ ಮಾರುವವನೊಬ್ಬ, "ಹೌದವ್ವಾ, ತುಂಬಾ ಕೆಳಗೆ ಒಂದೂರಲ್ಲಿ ಚಪ್ಪಟೆ ಹಣೆಯವನೊಬ್ಬ ಆಮೆಗೆ ತೂತು ಕೊರೆಯೋದು ಹೇಳಿಕೊಡ್ತಿದ್ದ" ಎಂದ. ಆ ವರ್ಷವೆಲ್ಲ ಅವಳ ಮುಖ ನೋಡಬೇಕಿತ್ತು. "ಅವನೇ ಕಣೇ, ನಾನು ಕಲಿಸಿದ್ದು!" ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದಳು. ಮರುವರ್ಷ ಅದೇ ಮಡಕೆಯವನು ಹೆಂಡ ಕುಡಿದಾಗ ನನ್ನೆದುರು ಬಾಯಿಬಿಟ್ಟ. ಒಂದು ಹೊತ್ತಿನ ಆಮೆಯ ಸಾರಿಗಾಗಿ ಹಾಗೆ ಹೇಳಿದ್ದನಂತೆ. ಅವನ ಬೆನ್ನ ಮೇಲೆ ಹುಟ್ಟು ಮುರಿಯುವ ಹಾಗೆ ಬಾರಿಸಿದೆ. ಉರಾಕಿಗೆ ಮಾತ್ರ ಹೇಳಲಿಲ್ಲ. ಊರಿನಲ್ಲಿ ಯಾರೋ ಹೇಳಿದರು.

ನಾನು ಬುದ್ಧಿ ಹೇಳುತ್ತಲೇ ಇದ್ದೆ. ಬುದ್ಧಿ ಹೇಳುವುದಕ್ಕೆ ನನ್ನಷ್ಟು ಗಟ್ಟಿಗಿತ್ತಿ ಯಾರಿದ್ದರು? "ಹೋದವನು ಹೋದ. ಎಷ್ಟು ದಿನ ಅಂತ ಕಡವಿನಲ್ಲಿ ಕೂರ್ತೀಯಾ? ಬೇರೆ ಗಂಡಸನ್ನ ಕಟ್ಕೋ."

"ನಿನ್ನ ಅಣ್ಣ ಕಣೇ ಅವನು."

"ಅದಕ್ಕೇ ಹೇಳ್ತಿರೋದು. ನಂಗೇ ಮರೆಯೋಕಾಗಿದೆ, ನಿಂಗ್ಯಾಕಾಗಲ್ಲ?"

ಅವಳು ವನಿರುವನ್ನು ಕರೆದುಕೊಂಡು ದೊಡ್ಡಿಗೆ ಹೋಗಿಬಿಡುತ್ತಿದ್ದಳು. ಅವನು ನನ್ನ ಮನೆಯಲ್ಲಿ ಮಲಗುತ್ತಿದ್ದ ಅಷ್ಟೇ, ಬೆಳೆದದ್ದೆಲ್ಲ ಅಲ್ಲೇ. ದಬ್ಬಳ ಹಿಡಿಯುವುದನ್ನು ಅವಳೇ ಕಲಿಸಿದಳು. ಅವನ ಹಣೆ ನೋಡಬೇಕಿತ್ತು, ಅವಳದಕ್ಕಿಂತ ಒಂದು ಕೈ ಮೇಲು. ಅತ್ತೆ ಎನ್ನಬೇಕಾದವಳನ್ನು ಅವನು ದೊಡ್ಡಮ್ಮ ಎಂದೇ ಕರೆಯುತ್ತಿದ್ದ. ಅವನಿಗೆ ಮದುವೆಯಾಯಿತು, ಒಂದು ಹೆಣ್ಣುಮಗುವೂ ಆಯಿತು.

ಹಾಗೇ ಇಪ್ಪತ್ತು ನೆರೆ ಬಂದು ಹೋದವು. ಅಷ್ಟರಲ್ಲಿ ಊರು ದಾರಿಯಾಳನ್ನು ಕಳಿಸುವುದನ್ನೇ ಬಿಟ್ಟಿತ್ತು. ಗಡ್ಡದವರು ಮತ್ತೆ ಬರುತ್ತಿದ್ದಾರೆ ಎಂದು ಮೇಲಿನ ಊರಿನಿಂದ ಸುದ್ದಿ ಮುಟ್ಟಿದಾಗ ಎಲ್ಲರೂ ಮಡಕೆ ಕುಡಿಕೆ ಹೊತ್ತು ಊರ ಹಿಂದಿನ ಹಳ್ಳದ ಆಪಿನೊಳಗೆ ದೋಣಿ ನುಗ್ಗಿಸಿದೆವು. ಅಲ್ಲಿ ತಲೆ ಎಣಿಸಿದರೆ ಉರಾಕಿ ಇಲ್ಲ.

"ದೊಡ್ಡಮ್ಮ ಎಲ್ಲಿ?" ಎಂದ ವನಿರು.

"ಆಮೆಗಳನ್ನ ಬಿಟ್ಟು ಬರೋಕೆ ಮನಸ್ಸಿಲ್ಲ ಮುದುಕಿಗೆ," ಎಂದೆ ನಾನು.

"ಎಳ್ಕೊಂಡು ಬರ್ತೀನಿ ಇರು," ಎಂದವನೇ ನೀರಿಗೆ ಹಾರಿದ. ಬೇಡ ಎನ್ನುವಷ್ಟರಲ್ಲಿ ಆಚೆ ದಡ ಸೇರಿದ್ದ. ನಾನೂ ಸೊಂಟದ ಮಟ್ಟದ ನೀರಿನಲ್ಲಿ ಅವನ ಹಿಂದೆ ಹೋದೆ. ಆಪಿನ ಅಂಚಿನಿಂದ ಕಡವು ಪೂರ್ತಿ ಕಾಣುತ್ತಿತ್ತು.

ಗಡ್ಡದವರ ದೋಣಿಗಳು ಬಂದು ನಿಂತಿದ್ದವು. ಮುಂದಿನ ದೋಣಿಯ ತುದಿಯಲ್ಲಿ, ದಾರಿಯಾಳು ಕೂರುವ ಜಾಗದಲ್ಲಿ, ಉರಾಕಿ ಕೂತಿದ್ದಳು. ಮಡಿಲಲ್ಲಿ ಬುತ್ತಿ, ಒಂದು ತಿಂಗಳಿಗಾಗುವಷ್ಟು ಮರಗೆಣಸಿನ ರೊಟ್ಟಿ. ಬಣ್ಣ ಬರೆದ ಹೊಸ ಹತ್ತಿಬಟ್ಟೆ ಉಟ್ಟಿದ್ದಳು. ನನ್ನ ಅಣ್ಣ ಹೋದ ದಾರಿಯಲ್ಲೇ ಹೋಗುವುದೆಂದು ಹೊರಟಿದ್ದಳು ಮುದುಕಿ. ಯಾವತ್ತಿನಿಂದ ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳೋ, ಒಂದು ಮಾತೂ ನನಗೆ ಹೇಳಿರಲಿಲ್ಲ.

ಗಡ್ಡದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಬ್ಬ ಅವಳನ್ನು ಬುಟ್ಟಿಯ ಹಾಗೆ ಎತ್ತಿ ಕೆಸರಿನಲ್ಲಿ ಇಳಿಸಿದ. ಅವಳು ಎದ್ದು ಮತ್ತೆ ಹತ್ತಿ ಕೂತಳು. "ನಂಗೆ ದಾರಿ ಗೊತ್ತು, ಎಲ್ಲಾ ತಿರುವೂ ಗೊತ್ತು, ನನ್ನನ್ನ ಕರ್ಕೊಂಡು ಹೋಗ್ರೋ!" ಎಂದು ಕೂಗುತ್ತಿದ್ದಳು. ಮತ್ತೆ ಇಳಿಸಿದರು. ಮೂರನೆಯ ಸಲ ಹತ್ತಿದಾಗ ಅವರಿಗೂ ನಗು ನಿಂತಿತು. ಎದೆಗೆ ಒದ್ದರು. ಬುತ್ತಿ ನೀರಿಗೆ ಬಿತ್ತು.

ಅದನ್ನು ನೋಡಿ ವನಿರು ಓಡಿಹೋದ. "ದೊಡ್ಡಮ್ಮಾ!" ಎಂದು ಕೂಗಿ ಅವಳನ್ನು ಎತ್ತಲು ಬಗ್ಗಿದ. ಗಟ್ಟಿಮುಟ್ಟಾದ ತೋಳು, ಅಗಲ ಬೆನ್ನು, ಇಪ್ಪತ್ತು ದಾಟಿದ ಪ್ರಾಯ. ಅವರು ಇವನನ್ನು ನೋಡಿದ ರೀತಿಯಲ್ಲೇ ನನಗೆ ತಿಳಿದುಹೋಯಿತು. ನಾಲ್ಕು ಜನ ಹಿಡಿದರು. ಕೊರಳಿಗೆ ಹಗ್ಗ ಬಿತ್ತು. ಉರಾಕಿ ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, "ಅವನು ಬೇಡ, ಅವನು ಬೇಡ, ನಾನು ಬರ್ತೀನಿ ಅಂತಿದ್ದೀನಲ್ಲ!" ಎಂದು ಅರಚಿದಳು. ಅವಳ ಬೆರಳುಗಳ ಮೇಲೆ ಯಾರೋ ಕೋಲಿನಿಂದ ಕುಟ್ಟಿದರು. ನಾನು ಆಪಿನಿಂದ ಹೊರಗೆ ಬರುವಷ್ಟರಲ್ಲಿ ದೋಣಿಗಳು ನಡುಹೊಳೆಯಲ್ಲಿದ್ದವು. ಬರುತ್ತೇನೆಂದು ಇಪ್ಪತ್ತು ವರ್ಷ ಕಾದವಳನ್ನು ಬಿಟ್ಟು ಒಲ್ಲದವನನ್ನು ಕೊಂಡುಹೋದರು.

ನಾನು ಅವಳನ್ನು ಹೊಡೆದೆ. ಸುಳ್ಳು ಯಾಕೆ, ಕೆಸರಿನಲ್ಲಿ ಬಿದ್ದವಳ ಕೂದಲು ಹಿಡಿದು ಕೈ ಸೋಲುವ ತನಕ ಹೊಡೆದೆ. "ಹಾಳಾದವಳೇ, ಗಂಡನ್ನ ಕಳಿಸಿದ್ದು ಸಾಲ್ದಾ, ನನ್ನ ಮಗನೂ ಬೇಕಿತ್ತಾ ನಿಂಗೆ!" ಎಂದೆ. ಅವಳು ಕೈ ಅಡ್ಡ ಇಡಲಿಲ್ಲ. ಹೊಡೆದು ಹೊಡೆದು ನಾನೇ ಕುಸಿದು ಅವಳ ಪಕ್ಕದಲ್ಲಿ ಕೂತೆ. ದೋಣಿಗಳು ತಿರುವಿನಲ್ಲಿ ಚಿಕ್ಕದಾಗುತ್ತಿದ್ದವು. ನನ್ನ ಸೊಸೆ ಹಳ್ಳದ ಕಡೆಯಿಂದ ಮಗುವನ್ನು ಎತ್ತಿಕೊಂಡು ಓಡಿ ಬರುತ್ತಿದ್ದಳು. ಅವಳಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ನನ್ನ ಬುದ್ಧಿಮಾತುಗಳಲ್ಲಿ ಒಂದಾದರೂ ಬಾಯಿಗೆ ಬರಲಿಲ್ಲ.

"ಅತ್ತಿಗೆ," ಎಂದೆ. "ಈಗ ಏನ್ ಮಾಡ್ಲಿ ನಾನು? ನೀನೇ ಹೇಳು. ನಿಂಗಾದ್ರೆ ಗೊತ್ತಿರುತ್ತಲ್ಲ."

ಅವಳು ಚಚ್ಚಿಹೋದ ಬೆರಳುಗಳನ್ನು ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು.

"ನಂಗೊತ್ತಿಲ್ಲ ಕಣೇ ಯಕುಮೆ," ಎಂದಳು. "ಗೊತ್ತಿದ್ದಿದ್ರೆ ಆವತ್ತೇ ಮಾಡ್ತಿರ್ಲಿಲ್ವಾ?"